ಗುಂಡಿಕ್ಕಿ ಅನ್ನೋ ಮೊದಲು

ಅತ್ಯಾಚಾರದ ಸುದ್ದಿ ಬಂದಾಗಲೆಲ್ಲ ಊರ ಕಟ್ಟೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: "ಅವನನ್ನ ನಮ್ಮ ಕೈಗೆ ಕೊಡಿ." ಆ ಸಿಟ್ಟು ಸುಳ್ಳಲ್ಲ. ನಮಗೂ ಬರುತ್ತದೆ.

2004ರ ಆಗಸ್ಟ್ 13ರಂದು ನಾಗಪುರದ ಕೋರ್ಟಿನೊಳಗೇ ಕಸ್ತೂರಬಾ ನಗರದ ಹೆಂಗಸರು ಅಕ್ಕು ಯಾದವ್ ಎಂಬ ರೌಡಿಗೆ ಖಾರದ ಪುಡಿ ಎರಚಿ, ಚಾಕುವಿನಿಂದ ಇರಿದು ಕೊಂದರು. ವರ್ಷಗಟ್ಟಲೆ ಅತ್ಯಾಚಾರ ಮಾಡಿದ, ಪೊಲೀಸರು ನಮ್ಮ ದೂರು ಕೇಳಲಿಲ್ಲ ಎಂಬುದು ಅವರ ಅಳಲು. ಆ ಹೆಂಗಸರನ್ನು ಬೈಯಲು ನಮಗೆ ಮನಸ್ಸು ಬರುವುದಿಲ್ಲ. ಆದರೆ ಮೊದಲ ದೂರಿಗೇ ಠಾಣೆ ಎದ್ದಿದ್ದರೆ ಅವರು ಚಾಕು ಹಿಡಿಯಬೇಕಿರಲಿಲ್ಲ.

2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಜನ ಹೂವು ಸುರಿದರು. ಆಮೇಲೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ, ಅದು ಕೊಲ್ಲಬೇಕೆಂದೇ ಹಾರಿಸಿದ ಗುಂಡು ಎಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ಒಬ್ಬ ಸಾಕ್ಷಿಯನ್ನೂ ಕೇಳುವ ಮೊದಲೇ ಕೇಸು ಮುಗಿದಿತ್ತು.

ಈಗ ನಮ್ಮೂರಿಗೆ ಬರೋಣ. ದೂರದ ಊರಿನ ಅಪರಿಚಿತನಿಗೆ ಗುಂಡಿಕ್ಕಿ ಅನ್ನುವ ನಾವೇ, ಆರೋಪಿ ಸೋದರಮಾವನೋ, ಪಕ್ಕದ ಮನೆಯವನೋ, ಮೇಷ್ಟ್ರೋ ಆದಾಗ ಏನು ಮಾಡುತ್ತೇವೆ? ಹಿರಿಯರನ್ನು ಕೂರಿಸಿ ರಾಜಿ ಮಾಡಿಸುತ್ತೇವೆ. ದಂಡ ಕಟ್ಟಿಸುತ್ತೇವೆ. ಕೆಲವು ಕಡೆ ಹುಡುಗಿಯನ್ನು ಅವನಿಗೇ ಕಟ್ಟುತ್ತೇವೆ. ಸರ್ಕಾರದ ಲೆಕ್ಕದಲ್ಲೇ 10ರಲ್ಲಿ 9ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಗೊತ್ತಿರುವವನೇ. ಮನೆಯವನೇ ನೇಣಿಗೆ ಹೋಗುತ್ತಾನೆ ಅಂದರೆ ಮಗುವಿನ ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿಸುತ್ತಾರೆ. 2013ರಲ್ಲಿ ವರ್ಮಾ ಸಮಿತಿಯೂ ಅತ್ಯಾಚಾರಕ್ಕೆ ಗಲ್ಲು ಬೇಕೆಂದು ಹೇಳಲಿಲ್ಲ.

ನ್ಯಾಯದ ಶಿಕ್ಷೆ ಶುರುವಾಗುವುದು ದೂರಿನಿಂದ. ಪೋಕ್ಸೋ ಕಾಯ್ದೆಯಲ್ಲಿ ರಾಜಿಗೆ ಜಾಗವಿಲ್ಲ. ವಿಷಯ ಗೊತ್ತಿದ್ದೂ ದೂರು ಕೊಡದವರಿಗೆ 6 ತಿಂಗಳವರೆಗೆ ಜೈಲಾಗಬಹುದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ, ಖಾಕಿ ತೊಡದೆ ಬರೆದುಕೊಳ್ಳಬೇಕು. ಅತ್ಯಾಚಾರದ ದೂರು ಬರೆದುಕೊಳ್ಳದ ಪೊಲೀಸರಿಗೂ ಜೈಲು ಶಿಕ್ಷೆಯಿದೆ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ. ಮಕ್ಕಳಿಗೆ 1098, ತುರ್ತಿಗೆ 112.

ನಿಮ್ಮೂರಲ್ಲಿ ಇಂಥದ್ದು ನಡೆದರೆ ಕೋಲು ಹಿಡಿದು ಹೋಗಬೇಡಿ. ಆ ಹುಡುಗಿಯ ಅವ್ವನ ಜೊತೆ ಠಾಣೆಗೆ ಹೋಗಿ. ಸಾಕ್ಷಿ ಹೇಳುವ ದಿನವೂ ಜೊತೆಗೆ ಹೋಗಿ. ಊರು ಅವರ ಬೆನ್ನಿಗೆ ನಿಂತಿದೆ ಅಂತ ಆರೋಪಿಯ ಕಡೆಯವರಿಗೂ ಗೊತ್ತಾಗಲಿ.