ಅಡ್ವಾನ್ಸ್ ಹಣ ಎಲ್ಲಿದೆ? ಪಶ್ಚಿಮ ಬೆಂಗಳೂರಿನ ಮನೆಮಾಲೀಕರ ಬಗ್ಗೆ ಕೆಲವು ಟಿಪ್ಪಣಿಗಳು

ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಎಷ್ಟು ಸಂಸಾರಗಳಿವೆ ಎಂದು ತಿಳಿಯಲು ಗೇಟು ಎಣಿಸಿದರೆ ಸಾಲದು, ಮೆಟ್ಟಿಲ ಕೆಳಗೆ ಸಾಲಾಗಿ ಕೂತ ಬೆಸ್ಕಾಂ ಮೀಟರುಗಳನ್ನು ಎಣಿಸಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ಐದು ಮೀಟರು. ಕಾಮಾಕ್ಷಿಪಾಳ್ಯದ ಕಡೆ ಇಳಿದರೆ ಇಪ್ಪತ್ತು-ಮೂವತ್ತರಲ್ಲೇ ನಾಲ್ಕು. ಒಂದೊಂದು ಮೀಟರಿಗೆ ಒಂದು ಆರ್‌ಆರ್ ನಂಬರು, ಓನರ್ ಮನೆಯದು ಬಿಟ್ಟರೆ ಒಂದೊಂದು ನಂಬರಿನ ಹಿಂದೆ ಒಂದು ಅಡ್ವಾನ್ಸು. ಕೆಳಗಿನ ಮನೆಯಲ್ಲಿ ಓನರ್. ಕಾರ್ಖಾನೆಯಿಂದಲೋ ಸಾರಿಗೆ ಸಂಸ್ಥೆಯಿಂದಲೋ ಶಾಲೆಯಿಂದಲೋ ನಿವೃತ್ತರಾದವರು; ಎಷ್ಟೋ ಕಡೆ ಈಗ ಅವರ ಹೆಂಡತಿ ಒಬ್ಬರೇ.

ಬಾಡಿಗೆದಾರರ ಕಷ್ಟದ ಬಗ್ಗೆ ಸಾಕಷ್ಟು ಬರೆದಿದ್ದಾರೆ, ಬರೆಯಬೇಕಾದದ್ದೇ. ಈ ಕೆಳಗಿನ ಮನೆಯವರ ಬಗ್ಗೆ ಬರೆದದ್ದು ಕಡಿಮೆ. ಗಮನಿಸುತ್ತಾ ಹೋದಷ್ಟೂ ನನಗೆ ಇವರ ಲೆಕ್ಕಾಚಾರ ಅರ್ಥವಾಗದೆ ಉಳಿಯುತ್ತದೆ.

*

ಈ ಕಡೆಯ ಬಡಾವಣೆಗಳು ಶ್ರೀಮಂತರಿಗಾಗಿ ಹುಟ್ಟಿದವಲ್ಲ. ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರಲ್ಲಿ ಶುರುವಾದ ರಾಜಾಜಿನಗರ ಕೈಗಾರಿಕಾ ಉಪನಗರದ ಜೊತೆಗೇ ಬೆಳೆದವು. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿಐಟಿಬಿ) ಹಂಚಿದ ಸೈಟುಗಳು, 1976ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿದವು, ಅವುಗಳ ಮಧ್ಯೆ ಹಳೆಯ ಹಳ್ಳಿಗಳ ರೆವಿನ್ಯೂ ಸೈಟುಗಳು. ಸೈಟು ಸಿಕ್ಕ ಮೇಲೆ ಮೊದಲು ಒಂದು ಶೀಟಿನ ಮನೆ. ಪಿಎಫ್ ದುಡ್ಡಿನಲ್ಲಿ ಆರ್‌ಸಿಸಿ. ಮಗನಿಗೆ ಕೆಲಸ ಸಿಕ್ಕಾಗ ಒಂದನೇ ಮಹಡಿ. ಎರಡನೇ ಮಹಡಿ ಮಾತ್ರ ಬಹಳಷ್ಟು ಮನೆಗಳಲ್ಲಿ ಎದ್ದದ್ದು ಬಾಡಿಗೆದಾರರ ದುಡ್ಡಿನಿಂದ. ಒಂದನೇ ಮಹಡಿಯ ಮನೆಯನ್ನು ಭೋಗ್ಯಕ್ಕೆ ಹಾಕಿ, ಬಂದ ಗಂಟಿನಲ್ಲಿ ಮೇಲಿನ ಸ್ಲ್ಯಾಬು.

ಇದು ಗೊತ್ತಾದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾಲ್ಕು ಮನೆ ಬಾಡಿಗೆಗೆ ಇದ್ದು, ತಲಾ ಒಂದು ಲಕ್ಷ ಅಡ್ವಾನ್ಸ್ ಪಡೆದಿದ್ದರೆ ನಾಲ್ಕು ಲಕ್ಷ ಮಾಲೀಕರ ಬಳಿ ಇರಬೇಕು. ಆ ಹಣ ಎಲ್ಲಿದೆ?

ಕೇಳಿದರೆ ಉತ್ತರ ಮುಚ್ಚುಮರೆಯಿಲ್ಲದೆ ಬರುತ್ತದೆ. ಮನೆಗೆ ಹಾಕಿದೆ. ಮದುವೆಗೆ ಆಯಿತು. ಆಸ್ಪತ್ರೆಗೆ ಹೋಯಿತು. ಹೋಗುವವರಿಗೆ ಬರುವವರ ಅಡ್ವಾನ್ಸಿನಿಂದ ಕೊಡುತ್ತೇವೆ. ಯಾರ ಮಾತಿನಲ್ಲೂ ಮೋಸದ ಸುಳಿವಿಲ್ಲ. ಆದರೆ ಹೊಸಬರು ಬರುವುದು ಎರಡು ತಿಂಗಳು ತಡವಾದರೆ ಹಳಬರ ಹಣವೂ ಎರಡು ತಿಂಗಳು ತಡ. 2020ರ ಲಾಕ್‌ಡೌನ್‌ನಲ್ಲಿ ಕುಟುಂಬಗಳು ಒಟ್ಟಿಗೇ ಊರಿಗೆ ಹೊರಟು ನಿಂತಾಗ, ಎಲ್ಲ ಮನೆಗೂ ಟು-ಲೆಟ್ ಬೋರ್ಡು ಬಿದ್ದಾಗ, ಈ ಸರಪಳಿ ಎಷ್ಟು ದುರ್ಬಲವೆಂದು ಕಂಡಿತು. ಗೇಟಿನ ಬಳಿ ಏರುದನಿಯಲ್ಲಿ ನಡೆದ ಆ ಮಾತುಗಳಲ್ಲಿ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು: ಒಬ್ಬರಿಗೆ ಹಣ ಬೇಕಿತ್ತು, ಇನ್ನೊಬ್ಬರ ಬಳಿ ಇರಲಿಲ್ಲ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಹತ್ತು ತಿಂಗಳ ಅಡ್ವಾನ್ಸಿಗೆ ಹೆಸರಾದ ಊರು ನಮ್ಮದು. ನಾಳೆಯೇ ಎರಡು ತಿಂಗಳೆಂದು ಕಡ್ಡಾಯವಾದರೆ ಉಳಿದ ಎಂಟು ತಿಂಗಳದ್ದನ್ನು ಈ ನಿವೃತ್ತರು ಎಲ್ಲಿಂದ ತಂದು ಹಿಂತಿರುಗಿಸುತ್ತಾರೆ?

*

ಕಾನೂನಿನ ವಿಚಾರ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ವಾಸದ ಮನೆಗಳಿಗೆ ಅದು ಅನ್ವಯವಾಗದು. ಇವತ್ತು ವಿಜಯನಗರದಲ್ಲಿ ಅಷ್ಟು ಹಣಕ್ಕೆ ಟೆರೇಸಿನ ಒಂಟಿ ರೂಮೂ ಸಿಗುವುದು ಕಷ್ಟ. ಅಲ್ಲಿಗೆ ನಮ್ಮ ರಸ್ತೆಗಳ ಹೆಚ್ಚುಕಡಿಮೆ ಎಲ್ಲ ಬಾಡಿಗೆ ಮನೆಗಳೂ ಬಾಡಿಗೆ ಕಾಯ್ದೆಯ ಹೊರಗಿವೆ. ಅವುಗಳ ಜಗಳ ಬಗೆಹರಿಯಬೇಕಾದದ್ದು ಬ್ರಿಟಿಷರ ಕಾಲದ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ. ತಿಂಗಳ ಬಾಡಿಗೆಯವರಿಗೆ ಹದಿನೈದು ದಿನದ ನೋಟಿಸು ಸಾಕು ಎನ್ನುತ್ತದೆ ಅದರ 106ನೇ ಕಲಮು. ನೋಟಿಸು ಕೊಡುವುದು ಸುಲಭ. ಆಮೇಲೆ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ದಾವೆ, ವಕೀಲರ ಫೀಸು, ವಾಯಿದೆ. ಬಾಡಿಗೆಯೇ ಪಿಂಚಣಿಯಾಗಿರುವ ಹೆಂಗಸೊಬ್ಬರಿಗೆ ಇದು ದಾರಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹನ್ನೊಂದು ತಿಂಗಳ ಕರಾರು ಏಕೆಂದು ಕೇಳಿದರೆ ಎಲ್ಲರೂ ಹೇಳುವುದು ‘ಅದು ಹಾಗೇ’ ಎಂದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಹನ್ನೊಂದು. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕಾಗದ ಮಾಡಿಸಿದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ಐದು ವರ್ಷ ಹಳೆಯ ಇ-ಸ್ಟ್ಯಾಂಪಿನ ಮೇಲೆ ಸಂಸಾರಗಳು ನಡೆಯುತ್ತಿವೆ.

ಒಂದು ವಿಚಿತ್ರ: ಹದಿನಾಲ್ಕು ಚದರ ಮೀಟರ್ ಒಳಗಿನ ಅಂಗಡಿಗಳು ಇವತ್ತಿಗೂ ಬಾಡಿಗೆ ಕಾಯ್ದೆಯ ಒಳಗಿವೆ. ಮನೆಯ ಮುಂದಿನ ಶಟರ್ ಅಂಗಡಿಗೆ ಒಂದು ಕಾನೂನು, ಅದರ ಮೇಲಿನ ಮನೆಗೆ ಇನ್ನೊಂದು. ಇದು ಮಾಲೀಕರಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ.

*

ಭೋಗ್ಯದ್ದೇ ಒಂದು ಲೋಕ. ಬಾಡಿಗೆ ಇಲ್ಲ, ಬಡ್ಡಿ ಇಲ್ಲ; ಹತ್ತೋ ಹದಿನೈದೋ ಲಕ್ಷ ಕೊಟ್ಟು ಎರಡು-ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ವಾಪಸು. ತಿಂಗಳ ಬಾಡಿಗೆ ಕಟ್ಟುವ ನೋವು ಇರುವವರಿಗಿಲ್ಲ, ಬ್ಯಾಂಕಿನ ಬಾಗಿಲು ಕಾಯುವ ನೋವು ಮಾಲೀಕರಿಗಿಲ್ಲ. ಕಾನೂನಿನ ಕಣ್ಣಿನಲ್ಲಿ ಇದು ಸ್ವಾಧೀನ ಕೊಟ್ಟು ಮಾಡಿದ ಅಡಮಾನಕ್ಕೆ ಹತ್ತಿರ. ನೂರು ರೂಪಾಯಿ ಮೀರಿದ ಅಂಥ ಅಡಮಾನ ನೋಂದಣಿಯಾಗಬೇಕು. ನೋಂದಾಯಿಸಿದವರು ಎಷ್ಟು ಜನ? ಅದೇ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು, ಕಂತು ನಿಂತು, 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿನ ನೋಟಿಸು ಗೋಡೆಗೆ ಬಿದ್ದರೆ, ನೋಂದಣಿಯಿಲ್ಲದ ಭೋಗ್ಯದವರು ಕೈಯಲ್ಲಿ ಕಾಗದ ಹಿಡಿದು ಬೀದಿಯಲ್ಲಿ ನಿಲ್ಲಬೇಕು.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಮೋಸ ನಗರದಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಮಧ್ಯವರ್ತಿ ಕಂಪನಿ ಬರುತ್ತದೆ. ಮಾಲೀಕರಿಗೆ ‘ನಿಮಗೆ ತಿಂಗಳು ತಿಂಗಳು ಬಾಡಿಗೆ, ತಲೆನೋವೆಲ್ಲ ನಮ್ಮದು’ ಎನ್ನುತ್ತದೆ. ಅದೇ ಮನೆಯನ್ನು ಬೇರೊಂದು ಕುಟುಂಬಕ್ಕೆ ಭೋಗ್ಯಕ್ಕೆ ಕೊಟ್ಟು ಲಕ್ಷಗಳನ್ನು ಪಡೆಯುತ್ತದೆ. ಕೆಲವು ತಿಂಗಳು ಬಾಡಿಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ, ಕಚೇರಿಗೆ ಬೀಗ. ಮಾಲೀಕರು ‘ಬಾಡಿಗೆ ಕೊಡಿ’ ಎಂದು ಮೇಲೆ ಹೋದರೆ ಒಳಗಿದ್ದವರು ಹದಿನೈದು ಲಕ್ಷದ ರಸೀದಿ ತೋರಿಸುತ್ತಾರೆ. ಮೋಸ ಹೋದ ಇಬ್ಬರು ಒಂದೇ ಮೆಟ್ಟಿಲ ಮೇಲೆ ಎದುರುಬದುರು. ಮುಂಚೆಯೇ ಅವರಿಬ್ಬರೂ ಒಮ್ಮೆ ಮಾತಾಡಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಭೋಗ್ಯ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ದಕ್ಷಿಣ ಕೊರಿಯಾದಲ್ಲಿ ‘ಜಾನ್‌ಸೆ’ ಎಂಬ ಹೆಸರಿನಲ್ಲಿ ಇಂಥದ್ದೇ ಪದ್ಧತಿ ಇದೆ, ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಠೇವಣಿ ಇಡುವುದೂ ಅಲ್ಲಿ ಸಾಮಾನ್ಯ. ಅಲ್ಲೂ ಹಿಂದಿನವರ ಹಣ ಮುಂದಿನವರಿಂದಲೇ ಬರಬೇಕು. ಮನೆಗಳ ಬೆಲೆ ಇಳಿದಾಗ ಸರಪಳಿ ಹರಿದು, ಮೋಸಗಳು ಬಯಲಾಗಿ, 2023ರಲ್ಲಿ ಸಂತ್ರಸ್ತರಿಗಾಗಿಯೇ ವಿಶೇಷ ಕಾನೂನು ಮಾಡಬೇಕಾಯಿತು. ಠೇವಣಿ ಮರಳದಿದ್ದರೆ ಭರಿಸುವ ಸರ್ಕಾರಿ ಖಾತರಿ ಸಂಸ್ಥೆಯಾದರೂ ಅವರಿಗಿದೆ. ಇಂಗ್ಲೆಂಡಿನಲ್ಲಿ 2007ರಿಂದ ಮಾಲೀಕರು ಠೇವಣಿಯನ್ನು ಮಾನ್ಯತೆ ಪಡೆದ ರಕ್ಷಣಾ ಯೋಜನೆಯ ಅಡಿ ತರಲೇಬೇಕು. ನಮ್ಮಲ್ಲಿ ಖಾತರಿ ಎಂದರೆ ಕೆಳಗಿನ ಮನೆಯವರ ಮುಖ.

*

ನೀರು, ಕರೆಂಟು. 2023ರ ಜುಲೈನಿಂದ ಸರ್ಕಾರದ ಗೃಹಜ್ಯೋತಿ ಯೋಜನೆ ಬಂತು, ಬಾಡಿಗೆದಾರರಿಗೂ 200 ಯೂನಿಟ್ ಮಿತಿಯೊಳಗೆ, ಸರಾಸರಿ ಬಳಕೆಗೆ ತಕ್ಕಂತೆ, ಸೊನ್ನೆ ಬಿಲ್ಲು. ಒಳ್ಳೆಯ ಕೆಲಸ. ಆದರೆ ಸಂಪಿನಿಂದ ಟ್ಯಾಂಕಿಗೆ ಎಲ್ಲ ಮನೆಗೂ ನೀರೆತ್ತುವ ಮೋಟರು ಸಾಮಾನ್ಯವಾಗಿ ಓನರ್ ಮೀಟರಿನಲ್ಲಿರುತ್ತದೆ. ಮೇಲಿನ ನಾಲ್ಕು ಮನೆಗೂ ಸೊನ್ನೆ ಬಂದು, ಕೆಳಗಿನವರು 200 ದಾಟಿ ಪೂರ್ತಿ ಬಿಲ್ಲು ಕಟ್ಟುವುದುಂಟು. ಖಾಲಿ ಮಾಡಿ ಹೋದವರು ಆಧಾರ್ ಜೋಡಣೆ ತೆಗೆಸದಿದ್ದರೆ ಬಂದವರಿಗೆ ತಕರಾರು, ಆ ತಕರಾರೂ ಬರುವುದು ಓನರ್ ಬಾಗಿಲಿಗೇ.

ನೀರಿನ ಮೀಟರು ಒಂದೇ, ಸಂಪು ಒಂದೇ. ಮನೆಗಿಷ್ಟೆಂದು ಹಂಚುವುದೋ ತಲೆಗಿಷ್ಟೆಂದೋ? ಇಬ್ಬರಿರುವ ಮನೆಯವರು ತಲೆಲೆಕ್ಕ ಕೇಳುತ್ತಾರೆ, ಆರು ಜನರಿರುವವರು ಮನೆಲೆಕ್ಕ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದಾಗ ಈ ಪ್ರಶ್ನೆ ಎಷ್ಟೋ ಸ್ನೇಹಗಳನ್ನು ಕೆಡಿಸಿತು. 2025ರ ಏಪ್ರಿಲ್‌ನಿಂದ ನೀರಿನ ದರವೂ ಏರಿದೆ, ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಸೇರಿದೆ. ಬಾಡಿಗೆ ಮಾತಾಡುವಾಗ ಇವನ್ನು ಬಾಯಿಬಿಟ್ಟು ಹೇಳಿದ್ದರೆ ಸರಿ, ಇಲ್ಲದಿದ್ದರೆ ವರ್ಷವಿಡೀ ಮುನಿಸು.

*

ಆಸ್ತಿ ತೆರಿಗೆ: 2008ರಿಂದ ಸ್ವಯಂ ಘೋಷಣೆ. ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ವಂತ ವಾಸದ ಎರಡರಷ್ಟು ದರ. ಎಲ್ಲ ಮಹಡಿಗಳನ್ನೂ ‘ಸ್ವಂತ’ ಎಂದು ಬರೆದು ವರ್ಷಗಟ್ಟಲೆ ಕಟ್ಟಿದವರಿಗೆ ಬಾಕಿಯ ನೋಟಿಸು ಬಂದಾಗ, ಬಡ್ಡಿ ಮನ್ನಾ ಯೋಜನೆಯ ಕೊನೆಯ ದಿನವಾದ 2024ರ ನವೆಂಬರ್ 30ಕ್ಕೆ ಮುನ್ನ ಕೆಲವರು ಸಾಲ ಮಾಡಿ ಕಟ್ಟಿದರು. ನಿಯಮ ನಿಯಮವೇ, ತಪ್ಪು ಘೋಷಣೆಯನ್ನು ಸಮರ್ಥಿಸಲಾರೆ. ಹಾಗಿದ್ದೂ ಮನೆಯ ಒಂದು ಭಾಗದಲ್ಲಿ ತಾವೇ ಇದ್ದು ಉಳಿದದ್ದರ ಬಾಡಿಗೆಯಿಂದ ಔಷಧಿ ಕೊಳ್ಳುವ ಎಪ್ಪತ್ತು ದಾಟಿದವರಿಗೂ, ಹತ್ತು ಕಟ್ಟಡಗಳ ಒಡೆಯರಿಗೂ ಬಾಡಿಗೆ ಭಾಗಕ್ಕೆ ಒಂದೇ ದರ ಏಕಿರಬೇಕು?

*

ಪೇಂಟಿಂಗ್. ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಕಟ್. ಒಂದು ವರ್ಷ ಇದ್ದವರಿಗೂ ಅಷ್ಟೇ, ಎಂಟು ವರ್ಷ ಇದ್ದವರಿಗೂ ಅಷ್ಟೇ. ಇದು ಅನ್ಯಾಯ. ಇಷ್ಟು ವರ್ಷವಾದರೂ ಯಾರೂ ಬದಲಿಸಿಲ್ಲ.

*

ನನ್ನ ಅಭಿಪ್ರಾಯ ಇಷ್ಟು. ಸರ್ಕಾರ 3,500ರ ಮಿತಿಯನ್ನು ಇವತ್ತಿನ ಬಾಡಿಗೆಗೆ ತಕ್ಕಂತೆ ತಿದ್ದಬೇಕು, ಸಣ್ಣ ಮಾಲೀಕರ ಮತ್ತು ಬಾಡಿಗೆದಾರರ ತಕರಾರು ಬೇಗ ಮುಗಿಯುವ ವ್ಯವಸ್ಥೆ ವಾರ್ಡಿನ ಹತ್ತಿರವೇ ಇರಬೇಕು. ಅದು ಬರುವವರೆಗೆ ಕೆಳಗಿನ ಮನೆಯವರಲ್ಲಿ ಒಂದು ವಿನಂತಿ. ಮುಂದೆ ಪಡೆಯುವ ಅಡ್ವಾನ್ಸನ್ನು, ಪೂರ್ತಿ ಆಗದಿದ್ದರೆ ಅರ್ಧವನ್ನಾದರೂ, ಬೇರೆ ಠೇವಣಿಯಲ್ಲಿಡಿ. ಅದರ ಬಡ್ಡಿ ನಿಮಗೇ ಇರಲಿ. ಭೋಗ್ಯಕ್ಕೆ ಕೊಡುವುದಾದರೆ ಖರ್ಚಾದರೂ ನೋಂದಾಯಿಸಿ. ಮಧ್ಯೆ ಯಾರೇ ಇರಲಿ, ಒಳಗೆ ಬಂದು ಇರುವ ಕುಟುಂಬದೊಂದಿಗೆ ಕೀಲಿ ಕೊಡುವ ಮೊದಲು ನೀವೇ ಕೂತು ಮಾತಾಡಿ.