ಒಬ್ಬಾಕಿನ ಮುಳಶಿಗೆ

ಹುಟ್ಟಿ 53 ವರ್ಷವಾದರೂ ನಾನು ಒಂದು ರಾತ್ರಿಯೂ ಒಬ್ಬಳೇ ಮಲಗಿದವಳಲ್ಲ. ನಂಬಲಿಕ್ಕಿಲ್ಲ ನೀವು, ಆದರೆ ನಿಮ್ಮ ಮನೆಯ ಹೆಣ್ಣುಮಕ್ಕಳ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಧಾರವಾಡದಲ್ಲಿ ಎರಡು ಕೋಣೆಗೆ ಒಂಬತ್ತು ಮಂದಿ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದಾಗ ಡೊಂಬಿವಲಿಯಲ್ಲಿ ಮಾವಶಿಯ ಮನೆ. ಆಮೇಲೆ ಮದುವೆ, ಪುಣೆ, ಅತ್ತೆ-ಮಾವ, ಮಗಳು. ನಡುವೆ ಎರಡು ಸಲ ಪ್ರಮೋಶನ್ ಬಿಟ್ಟುಕೊಟ್ಟೆ. ತಗೊಂಡಿದ್ದರೆ ಬೇರೆ ಊರಲ್ಲಿ ಒಬ್ಬಳೇ ಮನೆ ಮಾಡಬೇಕಿತ್ತು. ಅದರ ಬಗ್ಗೆ ದುಃಖವೇನಿಲ್ಲ, ಆಗಿನ ಲೆಕ್ಕಕ್ಕೆ ಅದೇ ಸರಿ. ಒಬ್ಬಳೇ ಇರಲಿಕ್ಕೆ ನನಗೆ ಆಗುತ್ತದೋ ಇಲ್ಲವೋ ಅನ್ನುವುದು ಮಾತ್ರ ಗೊತ್ತಾಗದೇ ಉಳಿದುಬಿಟ್ಟಿತ್ತು.

ಮಗಳು ನೌಕರಿಗೆಂದು ಹೈದರಾಬಾದಿಗೆ ಹೋದಮೇಲೆ ಅವಳ ಮೌಂಟನ್ ಬೈಕ್ ಬಾಲ್ಕನಿಯಲ್ಲಿ ಟವೆಲ್ ಒಣಹಾಕುವ ಸ್ಟ್ಯಾಂಡ್ ಆಗಿತ್ತು. ಅದನ್ನು ಇಳಿಸಿ ಒಂದು ವರ್ಷ ಭಾನುವಾರದ ಬೆಳಿಗ್ಗೆ ಖಡಕವಾಸಲಾ ತನಕ ಹೋಗಿಬಂದೆ. ನಮ್ಮ ಕಾಲದ ಅಟ್ಲಾಸ್ ಸೈಕಲ್ಲಿನ ಹಾಗಲ್ಲ ಇದು. ಏರು ಬಂದರೆ ಚೈನನ್ನು ಮುಂದೆ ಸಣ್ಣ ಚಕ್ರಕ್ಕೆ, ಹಿಂದೆ ದೊಡ್ಡ ಚಕ್ರಕ್ಕೆ ಹಾಕಬೇಕು. ಕಾಲು ಗರಗರ ತಿರುಗುತ್ತದೆ, ಗಾಡಿ ಆಮೆಯ ಹಾಗೆ ಹೋಗುತ್ತದೆ, ಆದರೆ ಮೊಣಕಾಲು ಉಳಿಯುತ್ತದೆ.

ಡಿಸೆಂಬರಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮುಳಶಿಗೆ ಹೋಗಿ ಟೆಂಟಿನಲ್ಲಿ ಮಲಗಿ ಬರುತ್ತೇನೆ ಅಂದೆ. ಮಗಳು ಫೋನಿನಲ್ಲೇ ಕೂಗಾಡಿದಳು. “ಅಮ್ಮಾ, ತಲಿಗಿಲಿ ಕೆಟ್ಟದ ಏನು ನಿಂಗ? ತಾಸಿಗೊಮ್ಮೆ ಫೋನ್ ಮಾಡಬೇಕ ನೋಡು!” ಇವರು ಪೇಪರಿನಿಂದ ತಲೆ ಎತ್ತದೆ, “ಹೋಗೂದು ಹೋಗ್ತಿ, ಹಾಲಿನವನ ಲೆಕ್ಕ ಹೇಳಿ ಹೋಗು” ಅಂದರು. ಇವರಿಗೆ ಚಿಂತೆಯಾದಾಗ ಹಾಲಿನ ಮಾತೇ ಬರುವುದು.

ಕೋಥರೂಡಿನಿಂದ ಚಾಂದಣಿ ಚೌಕ, ಭೂಗಾಂವ, ಪಿರಂಗುಟ, ಪೌಡ ದಾಟಿ ಸುಮಾರು 40 ಕಿ.ಮೀ. ಪಿರಂಗುಟದ ತನಕ ಬರೀ ಟ್ರಕ್ಕು, ಧೂಳು, ಹೇಳುವಂಥದ್ದೇನಿಲ್ಲ. ಪೌಡ ಬಿಟ್ಟಮೇಲೆ ಗಾಳಿಯೇ ಬೇರೆ. ಡಾಂಬರು ಬಿಟ್ಟು ಕೆರೆಯ ಕಡೆಗೆ ಇಳಿಯುವ ಕಚ್ಚಾ ದಾರಿಯಲ್ಲಿ ಸೀಟಿನಿಂದ ಎದ್ದು, ಪೆಡಲ್ ಮೇಲೆ ನಿಂತು, ಭಾರ ಹಿಂದಕ್ಕೆ ಹಾಕಿ ಇಳಿದೆ. ಮುಂದಿನ ಬ್ರೇಕು ಜೋರಾಗಿ ಹಿಡಿದರೆ ಹ್ಯಾಂಡಲ್ ದಾಟಿ ಹಾರಿ ಬೀಳುವುದೇ. ಕಲ್ಲುಗಳ ಮೇಲೆ ಗಡಗಡ ಇಳಿಯುವಾಗ ಬಾಯಿಂದ ಕೇಕೆ ಬಂತು. ಸುತ್ತ ಯಾರೂ ಇರಲಿಲ್ಲ ಅನ್ನಿ.

ಟೆಂಟಿಗೆ ಒಬ್ಬ ರೈತರ ಹೊಲದ ಅಂಚಿನಲ್ಲಿ ಜಾಗ ಕೇಳಿ ಇಟ್ಟಿದ್ದೆ. ಆ ಮನೆಯ ಆಜಿ “ಏಕಟ್ಯಾಚ್?” ಅಂತ ಶುರುಮಾಡಿದವರು ಯಜಮಾನರ ಹೆಸರು, ಊರು, ಮಕ್ಕಳೆಷ್ಟು, ಜಗಳವಾಡಿ ಬಂದೆಯಾ ಎಲ್ಲ ಕೇಳಿದರು. ನಮ್ಮ ಬ್ಯಾಂಕಿನ ಕೆವೈಸಿ ಏನೇನೂ ಅಲ್ಲ ಇದರ ಮುಂದೆ! ರಾತ್ರಿಗೆ ಅಕ್ಕಿ ಭಾಕರಿ, ಪಿಠಲ ಕೊಟ್ಟರು. ಭಾರೀ ಮಳೆಯ ಸೀಮೆ, ಇಲ್ಲಿ ಭತ್ತವೇ ಬೆಳೆ; ನಮ್ಮ ಜೋಳದ ರೊಟ್ಟಿ ಕೇಳಬೇಡಿ. “ನಮ್ಮ ಅತ್ತೆಯ ತವರು ಅಲ್ಲಿ, ನೀರಿನೊಳಗೆ” ಅಂತ ಕೆರೆಯ ಕಡೆ ಕೈ ತೋರಿಸಿದರು. ಟಾಟಾ ಕಂಪನಿಯ ಈ ಅಣೆಕಟ್ಟಿಗೆ ಹೊಲ-ಮನೆ ಕೊಡುವುದಿಲ್ಲವೆಂದು 1921ರಲ್ಲಿ ಸೇನಾಪತಿ ಬಾಪಟರ ಜೊತೆ ಇಲ್ಲಿಯ ರೈತರು ಸತ್ಯಾಗ್ರಹ ಮಾಡಿದ್ದರು. ಗೆಲ್ಲಲಿಲ್ಲ. ನೀರು ಘಟ್ಟದ ಕೆಳಗೆ ಭಿರಾಕ್ಕೆ ಇಳಿದು, ಅಲ್ಲಿಂದ ಕರೆಂಟು ಮುಂಬಯಿಗೆ ಹೋಯಿತು. ಮುಂಬಯಿಯ ಆಫೀಸಿನಲ್ಲಿ ನಾನು ಫ್ಯಾನಿನ ಕೆಳಗೆ ಕೂತು ಲೆಡ್ಜರ್ ಬರೆಯುವಾಗ ಈ ಹೆಸರೇ ಕೇಳಿರಲಿಲ್ಲ.

ರಾತ್ರಿ ಎಂಟಕ್ಕೆ ಟೆಂಟಿನ ಜಿಪ್ ಎಳೆದೆ. ಕತ್ತಲು ಅಂದರೆ ಏನೆಂದು ನಾವು ಶಹರದವರು ಮರೆತಿದ್ದೇವೆ. ಟಿಟ್ಟಿಭ ಹಕ್ಕಿ ಕಿರುಚಿದರೆ ಎದೆ ಧಸಕ್ ಅನ್ನುತ್ತಿತ್ತು. ಆದರೆ ನನಗೆ ಪ್ರಾಣಿಗಳ ಹೆದರಿಕೆ ಇರಲಿಲ್ಲ; ಹೆಂಗಸರಿಗೆ ಯಾವುದರ ಹೆದರಿಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹನ್ನೊಂದರ ಸುಮಾರಿಗೆ ಒಂದು ಮೋಟರ್‌ಸೈಕಲ್ ಹತ್ತಿರ ಬಂದು ನಿಂತಿತು. ದೀಪ ಆರಿತು. ಇಬ್ಬರು ಗಂಡಸರ ದನಿ.

ಕೈಯಲ್ಲಿ ಸೀಟಿ ಹಿಡಿದು ಎದ್ದು ಕೂತೆ. ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಯಾರಿಗೆ ಮಾಡಲಿ? ಮಗಳು ಹೈದರಾಬಾದಿನಲ್ಲಿ, ಇವರು ಒಂದೂವರೆ ತಾಸು ದೂರ. ಆಜಿಯ ಮನೆ ಇನ್ನೂರು ಹೆಜ್ಜೆ. ಸೀಟಿ ಊದಿದರೆ ಕೇಳೀತು, ಕೇಳದಿದ್ದರೆ ಓಡುವುದು, ಓಡಬೇಕೆಂದರೆ ಬೂಟು ಬೇಕು. ಸದ್ದಾಗದಂತೆ ಬೂಟು ಹಾಕಿಕೊಂಡೆ. ಲೇಸು ಕಟ್ಟುವಾಗ ನೋಡುತ್ತೇನೆ, ಕೈ ನಡುಗುತ್ತಿರಲಿಲ್ಲ. ಹೆದರಿಕೆ ಇತ್ತು, ಬೇಕಾದಷ್ಟಿತ್ತು. ಆದರೆ ತಲೆ ತನ್ನ ಕೆಲಸ ಮಾಡುತ್ತಿತ್ತು, ಕ್ಯಾಶ್ ತಾಳೆಯಾಗದ ದಿನ ಮಾಡುತ್ತದಲ್ಲ, ಹಾಗೆ. ಹತ್ತು ನಿಮಿಷಕ್ಕೆ ನೀರಿನ ಸದ್ದು, ಬಲೆ ಎಸೆದ ಸದ್ದು. ಮೀನಿನವರು! ಬೂಟು ಹಾಕಿಕೊಂಡೇ ಮಲಗಿದೆ. ಎಚ್ಚರಾದಾಗ ಆರೂಕಾಲು, ಟೆಂಟಿನ ಒಳಮೈಯೆಲ್ಲ ಉಸಿರಿನ ನೀರು. ಗಾಳಿಕಿಂಡಿ ತೆರೆದಿಡಬೇಕಂತೆ, ಆಜಿಯ ಮೊಮ್ಮಗ ಹೇಳಿದ.

ಮನೆಗೆ ಬಂದಾಗ ಇವರು ಉಪ್ಪಿಟ್ಟು ಮಾಡಿಟ್ಟಿದ್ದರು. ಉಪ್ಪು ಎರಡು ಸಲ ಬಿದ್ದಿತ್ತು. ಮೀನಿನವರ ಸುದ್ದಿ ಹೇಳಿದೆ, ಬೂಟಿನ ಸುದ್ದಿ ಹೇಳಲಿಲ್ಲ.

ಈ ವಾರ ಬ್ಯಾಂಕಿನಲ್ಲಿ ಪ್ರಮೋಶನ್ನಿನ ಸುತ್ತೋಲೆ ಮತ್ತೆ ಬಂದಿದೆ. ಆದರೆ ಪುಣೆ ಬಿಡಬೇಕು, ಎರಡು ವರ್ಷವಾದರೂ. ಫಾರ್ಮ್ ತುಂಬಲಿಕ್ಕೆ ತಿಂಗಳ ಕೊನೆಯ ತನಕ ಸಮಯವಿದೆ. ಇವರಿಗೆ ಇನ್ನೂ ಹೇಳಿಲ್ಲ.