ಕಲ್ಲು ನಡೆದ ಹಾದಿ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ ಮುಂಜಾನೆಯ ಬಸ್ಸನ್ನೇರಿದ ಪ್ರಯಾಣಿಕನಿಗೆ ಚಿನ್ನದ ಸುಳಿವೇನೂ ದೊರೆಯದು. ಹಾದಿಯುದ್ದಕ್ಕೂ ರಾಗಿಯ ಹೊಲ, ಕೋಲು ನೆಟ್ಟ ಟೊಮ್ಯಾಟೊ ತೋಟ, ನೀಲಗಿರಿಯ ತೋಪು. ಕೋಲಾರವನ್ನು ದಾಟಿ, ಬಂಗಾರಪೇಟೆಯಲ್ಲಿಳಿದು ಮತ್ತೊಂದು ಬಸ್ಸು ಹಿಡಿದು ಚಿನ್ನದ ಗಣಿಗಳ ಊರನ್ನು ಸೇರಿದಾಗ, ಬೂದುಬಣ್ಣದ ದಿಬ್ಬಗಳು ಕಣ್ಣೆದುರು ನಿಲ್ಲುತ್ತವೆ. ಹೊಸಬರು ಇವನ್ನು ಬೆಟ್ಟಗಳೆಂದೇ ಭ್ರಮಿಸುವುದುಂಟು. ಪಾತಾಳದಿಂದ ಮೇಲೆತ್ತಿ, ಅರೆದು, ಹೊನ್ನನ್ನು ಹಿಂಡಿ ಚೆಲ್ಲಿದ ಕಲ್ಲಿನ ಹಿಟ್ಟು ಇದು. ಜನರ ಬಾಯಲ್ಲಿ ಇವು ಸೈನೈಡ್ ದಿಬ್ಬಗಳು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ನೆಲೆಯೂರಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿ ದೂರ ತಂತಿಯ ಮೇಲೆ ಹರಿದು ಬಂದಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶವಾದವು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನು ಮೀರಿತು. 2001ರ ಫೆಬ್ರುವರಿ 28ರಂದು ಎಲ್ಲವೂ ನಿಂತಿತು. ಇದೆಲ್ಲ ಅನೇಕರು ಬಲ್ಲ ಕಥೆ. ಮೇಲೆ ಬಂದ ಕಲ್ಲು ಅನಂತರ ಹೇಗೆ ನಡೆಯಿತೆಂಬುದನ್ನು ಕೇಳುವವರು ಕಡಮೆ.

ರಾಶಿಗಟ್ಟಲೆ ಕಲ್ಲನ್ನು ಯಂತ್ರದಿಂದ ಯಂತ್ರಕ್ಕೆ ಒಯ್ಯಲು ರಬ್ಬರಿನ ಬೆಲ್ಟಿಗಿಂತ ಮಿಗಿಲಾದ ವಾಹನವಿಲ್ಲ. ಆದರೆ ಪರೀಕ್ಷೆಗೆಂದು ತೆಗೆದ ಹಿಡಿ ಮಾದರಿಯ ಪಾಡು ಬೇರೆ. ಅನ್ನ ಬೆಂದಿತೇ ಎಂದು ನೋಡಲು ನಮ್ಮ ಮನೆಗಳಲ್ಲಿ ಒಂದು ಅಗುಳನ್ನು ಹಿಸುಕಿದರೆ ಸಾಕು. ಅದಿರಿನ ವಿಷಯದಲ್ಲಿ ಈ ನ್ಯಾಯ ಸಲ್ಲದು. ಕೊನೆಯ ವರ್ಷಗಳಲ್ಲಿ ಇಲ್ಲಿನ ಅದಿರು ಟನ್ನಿಗೆ ಮೂರು ಗ್ರಾಂ ಆಸುಪಾಸಿಗೆ ಇಳಿದಿತ್ತು. ಅಷ್ಟು ಬಡ ಕಲ್ಲಿನಲ್ಲಿ ಸಾಸಿವೆಗಿಂತ ಕಿರಿದಾದ ಒಂದು ಹೊನ್ನಿನ ಕಣ ತಪ್ಪಿದರೂ, ಸೇರಿದರೂ, ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಆದಕಾರಣ ಮಾದರಿಯ ವಾಹನವನ್ನು ಆರಿಸುವಾಗ ವೇಗಕ್ಕಿಂತ ಶುಚಿಯನ್ನೇ ನೋಡಬೇಕು. ಬೆಲ್ಟಿನ ಮೈಗೆ ತೇವದ ಪುಡಿ ಅಂಟಿಕೊಂಡು ಹಿಂದಿರುಗಿ ಹೋಗುತ್ತದೆ. ಬಕೆಟ್ಟುಗಳ ಸರಪಣಿ ಎತ್ತರಕ್ಕೆ ಒಯ್ಯಬಲ್ಲುದಾದರೂ ಅದರ ಬುಡದ ಗುಂಡಿಯಲ್ಲಿ ನಿನ್ನೆಯ ಕಲ್ಲು ಉಳಿದಿರುತ್ತದೆ. ತಿರುಪಿನ ಕೊಳವೆಯೂ ಹಾಗೆಯೇ. ತಿರುಪಿಗೂ ದೋಣಿಗೂ ನಡುವಿನ ಸಂದಿನಲ್ಲಿ ಭಾರವಾದ ಚಿನ್ನ ಕೆಳಗಿಳಿದು ಕುಳಿತರೆ, ಇಂದಿನ ಸಿರಿವಂತ ಕಲ್ಲು ಬಡವಾಗಿ, ನಾಳಿನ ಬಡಕಲ್ಲು ಸಿರಿವಂತವಾಗಿ ತೋರುತ್ತದೆ. ನಯವಾದ ಉಕ್ಕಿನ ಕಂಪಿಸುವ ದೋಣಿ ತನ್ನನ್ನು ತಾನೇ ಬಹುಮಟ್ಟಿಗೆ ಬರಿದುಮಾಡಿಕೊಳ್ಳುತ್ತದೆ. ಒಣ ಮಾದರಿಗೆ ಅದು ಮೇಲು. ಮಾದರಿ ತೀರ ಚಿಕ್ಕದಾದರೆ ಮುಚ್ಚಳವಿರುವ ಡಬ್ಬಿ, ಚೀಟಿ ಕಟ್ಟಿದ ಚೀಲ ಮತ್ತು ನಂಬಿಕೆಯ ಮನುಷ್ಯನ ಕೈಗಳನ್ನು ಯಾವ ಯಂತ್ರವೂ ಸೋಲಿಸಲಾರದು. ಎಂಜಿನಿಯರುಗಳಿಗೆ ಈ ಮಾತು ರುಚಿಸದಿರಬಹುದು.

ಮಾದರಿಯನ್ನು ತೆಗೆಯುವುದರಲ್ಲಿಯೂ ಜಾಣ್ಮೆ ಬೇಕು. ರಾಶಿಯ ಮೇಲಿನಿಂದ ಬಾಚಿಕೊಂಡರೆ ಪ್ರಯೋಜನವಿಲ್ಲ. ಬೀಳುತ್ತಿರುವ ಧಾರೆಯನ್ನು ಗೊತ್ತಾದ ಹೊತ್ತಿಗೊಮ್ಮೆ ಈ ಅಂಚಿನಿಂದ ಆ ಅಂಚಿನವರೆಗೆ ಕತ್ತರಿಸಬೇಕು. ಅನಂತರ ಒಣಗಿಸಿ, ಅರೆದು, ಪಾಲುಮಾಡಿ, ಸೀಸದೊಡನೆ ಕುಲುಮೆಯಲ್ಲಿ ಕರಗಿಸುತ್ತಾರೆ. ಮೂಳೆಬೂದಿಯ ಬಟ್ಟಲು ಸೀಸವನ್ನು ಹೀರಿಕೊಂಡು, ಕೊನೆಗೊಂದು ಪುಟ್ಟ ಮಣಿ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಅದರ ಬೆಳ್ಳಿ ಕರಗಿದ ಮೇಲೆ ಉಳಿದುದನ್ನು ತೂಗುತ್ತಾರೆ. ಯಾವ ಸುರಂಗವನ್ನು ಮುಂದುವರಿಸಬೇಕು, ಯಾವುದನ್ನು ಮುಚ್ಚಬೇಕೆಂಬ ತೀರ್ಮಾನ, ಸಾವಿರಾರು ಮನೆಗಳ ಅನ್ನ, ಆ ಕಣದ ತೂಕವನ್ನೇ ನೆಚ್ಚಿತ್ತು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈ ಕೆಲಸ ಇನ್ನೂ ನಡೆದಿದೆ. ಕೋಲಾರದ ಗಣಿಯೂರಿನಲ್ಲಿ ಉಳಿದಿರುವುದು ದಿಬ್ಬಗಳು. ಅವುಗಳಲ್ಲಿ ಅಳಿದುಳಿದ ಚಿನ್ನವನ್ನು ತೆಗೆಯುವ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. 13 ದಿಬ್ಬಗಳು ಅದರಲ್ಲಿ ಸೇರಿವೆ. ಆ ಹಿಟ್ಟನ್ನು ಬೆಲ್ಟಿನ ಮೇಲೆ ಒಯ್ಯುವುದೋ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹರಿಸುವುದೋ ಎಂಬ ಪ್ರಶ್ನೆ ಆಗ ಮತ್ತೆ ಏಳುತ್ತದೆ. ಒಣ ಹಿಟ್ಟನ್ನು ಗಾಳಿ ಬಿಡದು. ಬೇಸಗೆಯ ಮಧ್ಯಾಹ್ನ ಗಾಳಿಯೆದ್ದಾಗ ಗಣಿಕಾರ್ಮಿಕರ ಹಳೆಯ ಸಾಲುಮನೆಗಳ ಹೆಂಗಸರು ಒಣಹಾಕಿದ ಬಟ್ಟೆಗಳನ್ನು ಸರಸರನೆ ಒಳಕ್ಕೆಳೆದುಕೊಂಡು ಕಿಟಕಿ ಮುಚ್ಚುತ್ತಾರೆ.